ಮಾಮನ ಟ್ರಂಕಿನ ಕೆಂಪು ಫ್ಯಾಂಟಮ್: ವಯಸ್ಸು ಪತ್ತೆ ಹಚ್ಚುವುದು ಹೀಗೆ

ನನ್ನ ಮಾಮ ಹಡಗಿನಲ್ಲಿ ಕೆಲಸಕ್ಕಿದ್ದರು. ಇಟಲಿಯ ಜಿನೋವಾ ಬಂದರಿನಿಂದ ಅವರು ತಂದ ಕಾಮಿಕ್ಸ್ ಪತ್ರಿಕೆಗಳು ನಮ್ಮ ಕಂಕನಾಡಿ ಮನೆಯ ಅಟ್ಟದಲ್ಲಿ ಟ್ರಂಕು ತುಂಬ ಇದ್ದವು. ನನಗೆ ಇಟಾಲಿಯನ್ ಒಂದಕ್ಷರ ಬಾರದು. ಆದರೂ ಯಾವುದು ಯಾವ ಕಾಲದ್ದು ಎಂದು ಈಗ ಹೇಳಬಲ್ಲೆ ಮಾರಾಯ್ರೇ.

ಮುಖಪುಟ ಆಮೇಲೆ ನೋಡಿ. ಮೊದಲು ಒಳಗಿನ ಚಿತ್ರಗಳ ಮೂಲೆ ನೋಡಿ, ಭೂತಗನ್ನಡಿ ಹಿಡಿದು. ಕಿಂಗ್ ಫೀಚರ್ಸ್ ಸಿಂಡಿಕೇಟ್ (ಪತ್ರಿಕೆಗಳಿಗೆ ಕಾಮಿಕ್ಸ್ ಒದಗಿಸುವ ಅಮೆರಿಕದ ಕಂಪನಿ) ಎಂಬ ಹೆಸರೂ ಒಂದು ವರ್ಷವೂ ಸಿಕ್ಕಿದರೆ ಅದೃಷ್ಟ, ಕೆಲವು ಪ್ರಕಾಶಕರು ಅಳಿಸಿಬಿಟ್ಟಿರುತ್ತಾರೆ. ಪಕ್ಕದಲ್ಲಿ 2-17 ಎಂದಿದ್ದರೆ ಅಮೆರಿಕದ ಲೆಕ್ಕ: ತಿಂಗಳು ಮೊದಲು. ಮುಖವಾಡದ ಕಾಮಿಕ್ಸ್ ವೀರ ಫ್ಯಾಂಟಮ್ ಅಲ್ಲಿನ ದಿನಪತ್ರಿಕೆಗಳಲ್ಲಿ ಶುರುವಾದದ್ದೇ 1936ರ ಫೆಬ್ರವರಿ 17ರ ಸೋಮವಾರ. ನಾನು 5-6 ಅನ್ನು ಜೂನ್ 5 ಎಂದು ಓದಿ, ಬಿಡಿ ಹಾಳೆಗಳನ್ನೆಲ್ಲ ತಪ್ಪಾಗಿ ಜೋಡಿಸಿದ್ದೆ. ವಿಲನ್ ಸತ್ತ ಮೇಲೆ ಮತ್ತೆ ಹೊಡೆದಾಟ!

ಇದು ಚಿತ್ರದ ವಯಸ್ಸು, ಪತ್ರಿಕೆಯದ್ದಲ್ಲ. ಪತ್ರಿಕೆಯದ್ದು ಹೆಸರಿನ ಹತ್ತಿರ ಇರುತ್ತದೆ. ಇಟಲಿಯಲ್ಲಿ ನಮ್ಮ ಹಾಗೆ ದಿನ ಮೊದಲು. ವರ್ಷದ ಜೊತೆ ರೋಮನ್ ಅಂಕಿ ಕಂಡರೆ ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಕಾಲದ್ದಿರಬಹುದು: ಅವನ ಸರ್ಕಾರ 1922ರ ಅಕ್ಟೋಬರ್ 28ರಿಂದ ವರ್ಷ ಎಣಿಸಿತು. XII ಎಂದಿದ್ದರೆ ಹನ್ನೆರಡಕ್ಕೆ 1922 ಕೂಡಿಸಿ, 1934. ಅಕ್ಟೋಬರ್ ಕೊನೆಯ ನಂತರದ್ದಾದರೆ ಒಂದು ಕಳೆಯಿರಿ.

1934ರ ಅಕ್ಟೋಬರ್ 14ಕ್ಕೆ ಫ್ಲಾರೆನ್ಸ್‌ನ ಪ್ರಕಾಶಕ ನೆರ್ಬಿನಿ 'ಲವ್ವೆಂತುರೋಸೊ' ಎಂಬ ಕಾಮಿಕ್ಸ್ ಪತ್ರಿಕೆ ಶುರುಮಾಡಿದರು, ಮೊದಲ ಪುಟದಲ್ಲೇ ಅಮೆರಿಕದ ಬಾಹ್ಯಾಕಾಶ ವೀರ ಫ್ಲ್ಯಾಶ್ ಗಾರ್ಡನ್. ಅದರ ಮೊದಲ ಸಂಚಿಕೆ ಟ್ರಂಕಿನಲ್ಲಿ ಸಿಕ್ಕಾಗ ಊರಿಗೆಲ್ಲ ಹೇಳಿದ್ದೆ. ಕಾಗದ ಸ್ವಲ್ಪ ಜಾಸ್ತಿಯೇ ಬೆಳ್ಳಗಿತ್ತು, ಹಿಂಬದಿಯಲ್ಲಿ ಬೆಲೆ ನೂರಾರು ಲೀರಾ (ಇಟಲಿಯ ಆಗಿನ ಹಣ), 1934ರ ಪತ್ರಿಕೆಗೆ ಅಷ್ಟಿರಲಾರದು. ಮರುಮುದ್ರಣ! 1938ರ ಕೊನೆಗೆ ಸರ್ಕಾರ ಅಮೆರಿಕದ ಕಾಮಿಕ್ಸ್ ನಿಲ್ಲಿಸಿತು, ಮಿಕ್ಕಿ ಮೌಸ್‌ಗೆ ಮಾತ್ರ 1942ರವರೆಗೆ ವಿನಾಯಿತಿ. ಹಾಗಾಗಿ 1940ರ ತಾರೀಕಿರುವ ಫ್ಲ್ಯಾಶ್ ಗಾರ್ಡನ್ ಸಿಕ್ಕಿದರೆ ಅನುಮಾನ ಪಡಿ.

ಫ್ಯಾಂಟಮ್ ಉಡುಪು ಕೆಂಪಗಿದ್ದರೆ ಗಾಬರಿ ಬೇಡ. ನಮ್ಮ ಭಾರತದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ನೇರಳೆ, ಇಟಲಿಯಲ್ಲಿ ಕೆಂಪು.

ಮತ್ತೆ, ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಹಳದಿ ಕಲೆ ಹೋಗುವುದೇ ಇಲ್ಲ. ಜೂನ್‌ಗೆ ಮೊದಲೇ ಅಟ್ಟದಿಂದ ಕೆಳಗಿಳಿಸಿ. ನನ್ನದು ಈಗ ಅಕ್ಕಿ ಡಬ್ಬದ ಪಕ್ಕದ ಕಪಾಟಿನಲ್ಲಿದೆ. ಅಮ್ಮ ಬಯ್ಯುತ್ತಾರೆ.