ಸ್ಪಿರಿಚುವಲ್ ಹಾಡುಗಳನ್ನು ಕೇಳುವ ಕ್ರಮ

ಆಫ್ರಿಕನ್-ಅಮೆರಿಕನ್ ಸ್ಪಿರಿಚುವಲ್ ಹಾಡುಗಳನ್ನು ಮೊದಲ ಸಲ ಕೇಳಹೊರಟವರಿಗೆ ಸುಲಭವಾಗಿ ಸಿಗುವುದು ಪಿಯಾನೊ ಪಕ್ಕವಾದ್ಯವಿರುವ ಕಛೇರಿಯ ಧ್ವನಿಮುದ್ರಿಕೆಗಳು. ಅವನ್ನು ಕೊನೆಗೆ ಕೇಳುವುದು ಒಳ್ಳೆಯದು. ಗುಲಾಮಗಿರಿಯಲ್ಲಿ ಬದುಕಿದ ಜನರು ಹೊಲಗಳಲ್ಲಿ, ಪ್ರಾರ್ಥನಾ ಕೂಟಗಳಲ್ಲಿ ಒಟ್ಟಾಗಿ ಕಟ್ಟಿದ ಕ್ರೈಸ್ತ ಭಕ್ತಿಯ ಹಾಡುಗಳಿವು. ಗುಂಪಿನ ದನಿಯನ್ನು ಕೇಳದವರಿಗೆ ಇವುಗಳ ಕಟ್ಟೋಣ ತಿಳಿಯುವುದಿಲ್ಲ.

ಆದ್ದರಿಂದ ರಿಂಗ್ ಶೌಟ್‌ನಿಂದ ಆರಂಭಿಸಿ. ಅಮೆರಿಕದ ಜಾರ್ಜಿಯ ರಾಜ್ಯದ ಕರಾವಳಿಯಲ್ಲಿ ಉಳಿದುಬಂದಿರುವ ಈ ಆಚರಣೆಯಲ್ಲಿ ಜನರು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ವೃತ್ತವಾಗಿ, ಒಂದು ಪಾದವನ್ನು ಇನ್ನೊಂದಕ್ಕೆ ಅಡ್ಡ ಹಾಯಿಸದೆ, ನೆಲ ಸವರಿದಂತೆ ಸರಿಯುತ್ತಾರೆ. ಒಬ್ಬರು ಕೋಲಿನಿಂದ ಮರದ ನೆಲ ಕುಟ್ಟಿ ಲಯ ಹಿಡಿಯುತ್ತಾರೆ, ಇನ್ನೊಬ್ಬರು ಸಾಲು ಹೇಳುತ್ತಾರೆ, ಹಿಮ್ಮೇಳದವರು ಸೊಲ್ಲೆತ್ತುತ್ತಾರೆ. ಸೊಲ್ಲು ಶುರುವಾದೊಡನೆ ಮುಂದಾಳು ಎಷ್ಟೋ ಸಲ ತನ್ನ ಸಾಲನ್ನು ಅರ್ಧಕ್ಕೇ ಬಿಡುವುದನ್ನು, ದನಿಗಳು ಒಂದರ ಮೇಲೊಂದು ಬೀಳುವುದನ್ನು ಗಮನಿಸಿ. ಈ ಹಾಡುಗಳನ್ನು ಸಂಗ್ರಹಿಸಿ 1867ರಲ್ಲಿ ಪ್ರಕಟಿಸಿದ ಅಲೆನ್, ವೇರ್ ಮತ್ತು ಲೂಸಿ ಮೆಕಿಮ್ ಗ್ಯಾರಿಸನ್ ಅವರೇ, ನಮ್ಮ ಗಮಕಗಳಂತೆ ಈ ಕಂಠಗಳ ಜಾರು-ತಿರುವುಗಳೂ ಸ್ವರಲಿಪಿಗೆ ಸಿಗುವುದಿಲ್ಲವೆಂದು ಒಪ್ಪಿಕೊಂಡಿದ್ದರು.

ಸಾಹಿತ್ಯವನ್ನು ಓದುವಾಗ ಅವಸರ ಬೇಡ. ಗುಲಾಮರಾಗಿದ್ದ ತನ್ನ ಜನರನ್ನು ಬಿಡಿಸಲು ಮೋಶೆ ಈಜಿಪ್ಟಿನ ಅರಸ ಫರೋಹನ ಬಳಿಗೆ ಹೋಗುವ ಹಾಡು 1861ರಲ್ಲಿ ಅಚ್ಚಾಯಿತು. ವರ್ಜೀನಿಯದ ಮನ್ರೋ ಕೋಟೆಯಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆಶ್ರಯ ಪಡೆದಿದ್ದ ಜನ ಅದನ್ನು ಹಾಡುತ್ತಿದ್ದರು. ಅಲ್ಲಿ ಬೈಬಲಿನ ಕಥೆಯೂ ಬಿಡುಗಡೆಯ ಬೇಡಿಕೆಯೂ ಬೇರೆಬೇರೆಯಲ್ಲ. ಆದರೆ ಪ್ರತಿ ಹಾಡಿನಲ್ಲೂ ಪಲಾಯನದ ಗುಪ್ತ ನಕ್ಷೆಯನ್ನು ಹುಡುಕುವ ಅಭ್ಯಾಸವನ್ನು ಬಿಡಬೇಕು. ಅಂಥ ಎಷ್ಟೋ ಹೇಳಿಕೆಗಳಿಗೆ ಆ ಕಾಲದ ಸಾಕ್ಷ್ಯವಿಲ್ಲ. ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಬರೆದ ಮಾತು ಹೆಚ್ಚು ನೆರವಾಗುತ್ತದೆ: ಗುಲಾಮರ ಹಾಡನ್ನು ಸಂತೋಷದ ಗುರುತೆಂದು ತಿಳಿಯುವುದು ದೊಡ್ಡ ತಪ್ಪು, ಅತ್ಯಂತ ದುಃಖದಲ್ಲಿರುವಾಗಲೇ ಅವರು ಹೆಚ್ಚು ಹಾಡುತ್ತಾರೆ.

ಇದಾದ ಮೇಲೆ ಫಿಸ್ಕ್ ಜುಬಿಲಿ ಗಾಯಕರ ಬಳಿಗೆ ಬನ್ನಿ. ಗುಲಾಮಗಿರಿಯಿಂದ ಬಿಡುಗಡೆಯಾದವರ ಶಿಕ್ಷಣಕ್ಕೆಂದು ಶುರುವಾದ ನ್ಯಾಶ್‌ವಿಲ್‌ನ ಫಿಸ್ಕ್ ವಿದ್ಯಾಸಂಸ್ಥೆಯನ್ನು ಉಳಿಸಲು ಹಣ ಕೂಡಿಸುವುದಕ್ಕಾಗಿ 1871ರಲ್ಲಿ ಪ್ರವಾಸ ಹೊರಟ ಆ ವಿದ್ಯಾರ್ಥಿಗಳು, ತಂದೆತಾಯಿಯರ ಪಾಲಿಗೆ ಪವಿತ್ರವಾಗಿದ್ದ ಹಾಡುಗಳನ್ನು ಪರರ ಮುಂದೆ ಹಾಡಲು ಮೊದಲು ಒಪ್ಪಿರಲಿಲ್ಲ. ಆ ಹಿಂಜರಿಕೆಯನ್ನು ನೆನಪಿನಲ್ಲಿಟ್ಟುಕೊಂಡು ಫಿಸ್ಕ್‌ನ ನಾಲ್ವರು 1909ರಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ಕೇಳಿದರೆ ಅವರ ಗಾಯನದ ಸಂಯಮಕ್ಕೆ ಅರ್ಥ ಸಿಗುತ್ತದೆ. ಸಂಗೀತ ಸಂಯೋಜಕ ಹ್ಯಾರಿ ಬರ್ಲಿ ಒಂಟಿ ಕಂಠಕ್ಕೂ ಪಿಯಾನೊಗೂ ಹೊಂದಿಸಿದ ಹಾಡುಗಳು, ಮೇರಿಯನ್ ಆಂಡರ್ಸನ್ ಗಾಯನ ಇವುಗಳ ಸರದಿ ಈಗ. ಕಪ್ಪು ವರ್ಣದವರೆಂಬ ಕಾರಣಕ್ಕೆ ವಾಷಿಂಗ್ಟನ್‌ನ ಸಭಾಂಗಣವೊಂದು ನಿರಾಕರಿಸಲ್ಪಟ್ಟಾಗ ಆಂಡರ್ಸನ್ 1939ರ ಏಪ್ರಿಲ್‌ನಲ್ಲಿ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಸುಮಾರು 75,000 ಜನರೆದುರು ಹಾಡಿದರು. ಅಂದಿನ ಕಾರ್ಯಕ್ರಮದಲ್ಲಿ ಸ್ಪಿರಿಚುವಲ್‌ಗಳೂ ಇದ್ದವು.

ನಿಮ್ಮ ಗಾಯನ ತಂಡ ಇವನ್ನು ಹಾಡುವುದಾದರೆ ಹಾಳೆ ನೋಡದೆ, ಒಬ್ಬರು ಹೇಳಿಕೊಟ್ಟಂತೆ ಕಿವಿಯಿಂದಲೇ ಕಲಿಯಿರಿ. ಕಪ್ಪು ಜನರ ಉಚ್ಚಾರಣೆಯನ್ನು ಅಣಕಿಸಿದಂತೆ ಕೇಳುವ ಅನುಕರಣೆ ಖಂಡಿತ ಬೇಡ, ಮತ್ತು ಹಾಡುವ ಮೊದಲು ಅದನ್ನು ಕಟ್ಟಿದವರು ಯಾರೆಂಬುದನ್ನು ಸಭಿಕರಿಗೆ ತಿಳಿಸಿ.