ಪಕ್ಷೇತರನಾಗಿ ನಿಂತಾಗ ನನ್ನ ಕರಪತ್ರದಲ್ಲಿ ಏನು ಬರೆದೆ

2023ರ ವಿಧಾನಸಭಾ ಚುನಾವಣೆಗೆ ಕೋಲಾರ ಜಿಲ್ಲೆಯ ಒಂದು ಕ್ಷೇತ್ರದಿಂದ ಪಕ್ಷೇತರನಾಗಿ ನಿಂತಿದ್ದೆ. ನಾಮಪತ್ರಕ್ಕೆ ಮುಂಚೆ ಊರಿನ ಹುಡುಗರು ಕೂತು ಬರೆದ ಪಟ್ಟಿಯಲ್ಲಿ ಮೂವತ್ತೊಂದು ಅಂಶಗಳಿದ್ದವು. ಓದಿ ನೋಡಿದರೆ ಎಲ್ಲವೂ ಬೇಡಿಕೆಗಳೇ, ನಿಲುವು ಅನ್ನುವಂಥದ್ದು ಒಂದೂ ಇಲ್ಲ. ಚರಂಡಿ, ಬೀದಿದೀಪ, ಹೆದ್ದಾರಿಗೆ ಮೇಲ್ಸೇತುವೆ, ಟೊಮೆಟೊಗೆ ಬೆಂಬಲ ಬೆಲೆ.

ಪ್ರತಿ ಸಾಲಿನ ಎದುರು ‘ಇದು ಯಾರ ಕೆಲಸ?’ ಎಂದು ಬರೆಯುತ್ತಾ ಹೋದೆ. ಚರಂಡಿ, ದೀಪ ಗ್ರಾಮ ಪಂಚಾಯಿತಿಗೆ ಹೋದವು. ರಾಷ್ಟ್ರೀಯ ಹೆದ್ದಾರಿ ಕೇಂದ್ರಕ್ಕೆ ಹೋಯಿತು. ಶಾಸಕನ ಕೈಯಲ್ಲಿ ನಿಜವಾಗಿ ಇರುವುದು ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು, ವರ್ಷಕ್ಕೆ ₹2 ಕೋಟಿ ಪ್ರದೇಶಾಭಿವೃದ್ಧಿ ನಿಧಿ, ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆ, ಸರ್ಕಾರಿ ಜಮೀನು ಉಳುಮೆ ಮಾಡುತ್ತಿರುವವರ ಸಕ್ರಮ ಅರ್ಜಿ ನೋಡುವ ಬಗರ್ ಹುಕುಂ ಸಮಿತಿ. ಇವುಗಳಿಂದ ಆಗುವಂಥದ್ದನ್ನು ಮಾತ್ರ ಉಳಿಸಿಕೊಂಡೆ. ಕೊನೆಗೆ ನಿಂತಿದ್ದು ನಾಲ್ಕು ಅಂಶ. ಹುಡುಗರಿಗೆ ಬೇಸರವಾಯಿತು. ಒಂದು ಹಟ್ಟಿಯಲ್ಲಿ ಅಜ್ಜಿಯೊಬ್ಬರು, “ಚರಂಡಿ ಮಾಡಿಸ್ತೀನಿ ಅಂತ ಒಂದು ಮಾತು ಹೇಳಪ್ಪಾ, ಸಾಕು” ಅಂದರು. “ಅವ್ವಾ, ಅದು ಪಂಚಾಯಿತಿ ಕೆಲ್ಸ. ಅವರು ಮಾಡದಿದ್ರೆ ಕೆಡಿಪಿ ಸಭೆಯಲ್ಲಿ ಯಾಕೆ ಮಾಡಿಲ್ಲ ಅಂತ ಕೇಳ್ತೀನಿ” ಅಂದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಹೆಚ್ಚು ದಿನ ತಿಂದದ್ದು ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಇದು. ಗುರಿ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮರು ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು. ನನ್ನ ಮೊದಲ ಕರಡಿನಲ್ಲಿ ‘ಈ ನೀರು ಬೇಡ’ ಎಂದೇ ಇತ್ತು.

ಅದನ್ನು ಹಿಡಿದುಕೊಂಡು ಕೆರೆ ಏರಿಯ ಮೇಲಿನ ಒಂದು ಹಳ್ಳಿಗೆ ಹೋದೆ. ರೈತರೊಬ್ಬರು ತೋಟಕ್ಕೆ ಕರೆದುಕೊಂಡು ಹೋಗಿ, ವರ್ಷಗಟ್ಟಲೆ ಒಣಗಿದ್ದ ಬೋರ್‌ವೆಲ್ ಚಾಲೂ ಮಾಡಿ ತೋರಿಸಿದರು. “ಇದನ್ನ ನಿಲ್ಲಿಸ್ತೀನಿ ಅಂತ ನನ್ನ ಮುಂದೆ ನಿಂತು ಹೇಳಣ್ಣಾ” ಅಂದರು. ಹೇಳಲಾಗಲಿಲ್ಲ. ಅದೇ ಊರಿನ ಹೆಂಗಸರು ಇನ್ನೊಂದು ಮಾತು ಹೇಳಿದರು: ಕೆರೆಯ ನೀರು ಹಸಿರಾಗಿದೆ, ದನ ಮೂಸಿ ನೋಡಿ ಹಿಂದೆ ಸರಿಯುತ್ತವೆ, ಕುಡಿಯುವ ಬೋರ್‌ವೆಲ್ಲಿಗೆ ಇದೇ ನೀರು ಇಳಿದರೆ ಗತಿ ಏನು? ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಟ್ಟ ಜಿಲ್ಲೆ ನಮ್ಮದು. ನೀರಿನ ವಿಷಯದಲ್ಲಿ ಇಲ್ಲಿಯ ತಾಯಂದಿರಿಗೆ ಭಯ ಇರುವುದು ಸುಮ್ಮನೆ ಅಲ್ಲ.

ಆ ರಾತ್ರಿ ಕರಡು ಹರಿದು ಮತ್ತೆ ಬರೆದೆ. ನೀರು ಬರಲಿ, ಆದರೆ ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು. ಕೆರೆಯ ಮತ್ತು ಸುತ್ತಲಿನ ಕುಡಿಯುವ ಬೋರ್‌ವೆಲ್‌ಗಳ ನೀರನ್ನು ಪ್ರತಿ ತಿಂಗಳು ಪರೀಕ್ಷೆ ಮಾಡಿಸಿ, ವರದಿಯನ್ನು ಪಂಚಾಯಿತಿ ಕಚೇರಿಯ ಫಲಕಕ್ಕೆ ಕನ್ನಡದಲ್ಲಿ ಅಂಟಿಸಬೇಕು. ಎರಡೂ ಕಡೆಯವರು ನನ್ನ ಮೇಲೆ ಮುನಿಸಿಕೊಂಡರು. ಇವತ್ತಿಗೂ ನನ್ನ ನಿಲುವು ಅದೇ.

ಟೊಮೆಟೊ ವಿಷಯದಲ್ಲಿ ಬೆಂಬಲ ಬೆಲೆ ಎಂಬ ಪದ ತೆಗೆದೆ. ಕೇಂದ್ರದ ಪಟ್ಟಿಯಲ್ಲಿ ಟೊಮೆಟೊ ಇಲ್ಲ. ಅದರ ಬದಲು ಮಂಡಿಯಲ್ಲಿ ರೈತನಿಂದ ಕಮಿಷನ್ ಹಿಡಿಯುವುದು, ಅಧಿಕೃತ ರಸೀದಿ ಬದಲು ಬಿಳಿ ಚೀಟಿಯಲ್ಲಿ ಲೆಕ್ಕ ಕೊಡುವುದು ನಿಲ್ಲಬೇಕು ಎಂದು ಬರೆದೆ. ನನ್ನ ಕೈಗೇ ಎಷ್ಟೋ ಸಲ ಅಂಥ ಚೀಟಿ ಬಂದಿದೆ. ಮೂರನೆಯದು ಬಗರ್ ಹುಕುಂ ಜಮೀನಿನ ಸಕ್ರಮಕ್ಕೆ ಕೊಡುವ ನಮೂನೆ 57ರ ಅರ್ಜಿಗಳು: ಸಮಿತಿ ಸಭೆಯ ದಿನಾಂಕ ಮೊದಲೇ ಪ್ರಕಟವಾಗಬೇಕು, ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೊಡಬೇಕು. ನಾಲ್ಕನೆಯದು ಸರ್ಕಾರಿ ಶಾಲೆಗಳ ಖಾಲಿ ಹುದ್ದೆ.

ನಿಲ್ಲುವವರಿಗೆ ಒಂದೆರಡು ವಿಷಯ ಗೊತ್ತಿರಲಿ. ಪಕ್ಷೇತರರಿಗೆ ನಾಮಪತ್ರಕ್ಕೆ ಸಹಿ ಹಾಕುವ ಹತ್ತು ಜನ ಸೂಚಕರು ಬೇಕು. ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆಯನ್ನು ನಾಮಪತ್ರದ ಮುಂಚೆಯೇ ತೆರೆಯಬೇಕು. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ. ಅಚ್ಚು ಹಾಕುವ ಮುಂಚೆ ನಿಮ್ಮನ್ನು ಬಲ್ಲ ಇಬ್ಬರು ಸಹಿ ಮಾಡಿದ ಘೋಷಣೆಯನ್ನು ಪ್ರೆಸ್‌ನವರು ಕೇಳುತ್ತಾರೆ. ಚಿಹ್ನೆ ಕೈಗೆ ಬಂದದ್ದು ನಾಮಪತ್ರ ವಾಪಸಿನ ಕೊನೆಯ ದಿನ, ಏಪ್ರಿಲ್ 24ರಂದು. ಬಹಿರಂಗ ಪ್ರಚಾರ ಮುಗಿದದ್ದು ಮೇ 8ಕ್ಕೆ. ಹಳ್ಳಿ ಹಳ್ಳಿ ಸುತ್ತಲು ಸಿಕ್ಕಿದ್ದು ಆ ಎರಡು ವಾರ ಮಾತ್ರ. ಅದಕ್ಕೇ ಚಿಹ್ನೆಯ ಜಾಗ ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಗೆಲ್ಲಲಿಲ್ಲ, ಠೇವಣಿಯೂ ಉಳಿಯಲಿಲ್ಲ. ಅದೇ ವರ್ಷ ನಮ್ಮ ಪಂಚಾಯಿತಿಯ ಗ್ರಾಮಸಭೆಗೆ ಹೆಣ್ಣುಮಗಳೊಬ್ಬರು ಆ ಕರಪತ್ರ ಮಡಚಿಕೊಂಡು ತಂದು, ಮೊದಲನೇ ಅಂಶ ಓದಿ, ನೀರಿನ ವರದಿ ಎಲ್ಲಿ ಅಂತ ಕೇಳಿದರು. ಆಮೇಲೆ ಎರಡು ಸಲ ಫಲಕಕ್ಕೆ ವರದಿ ಬಂತು. ಮೂರನೆಯದಕ್ಕೆ ಅರ್ಜಿ ಕೊಟ್ಟಿದ್ದೇವೆ.