ಕ್ಯಾನ್ಸರ್ ಇರುವಾಗ ಹಲ್ಲಿನ ಚಿಕಿತ್ಸೆ: ಯಾವುದು ಮೊದಲು, ಯಾವುದು ಬೇಡವೇ ಬೇಡ

"ಇರೋ ಕಾಯಿಲೆಗೇ ದುಡ್ಡು ಸಾಲ್ತಿಲ್ಲ, ಇನ್ನು ಹಲ್ಲಿಗೆಲ್ಲಿಂದ ತರೋದು?" ಕ್ಯಾನ್ಸರ್ ಮೂಳೆಗೋ ಶ್ವಾಸಕೋಶಕ್ಕೋ ಹರಡಿದೆ ಎಂದು ಗೊತ್ತಾದ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಎಷ್ಟೋ ಸಲ ಹೇಳುವವರು ರೋಗಿಯೇ. ಮಕ್ಕಳ ಮೇಲೆ ಇನ್ನಷ್ಟು ಭಾರ ಹಾಕಬಾರದು ಎಂಬ ಸಂಕೋಚ ಅವರದು. ಹಾಸನದಲ್ಲಿ ಹಲ್ಲಿನ ವೈದ್ಯೆಯಾಗಿ ನಾನು ಕಂಡಂತೆ, ಹೀಗೆ ಹಲ್ಲನ್ನು ಕಡೆಗಣಿಸಿದವರೇ ಆಮೇಲೆ ಹೆಚ್ಚು ನೋವು ತಿನ್ನುತ್ತಾರೆ, ಖರ್ಚೂ ಅವರಿಗೇ ಹೆಚ್ಚು.

ಹೀಗೆ ಹರಡಿದೆ, ನಾಲ್ಕನೇ ಹಂತ ಎಂದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಸ್ತನ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೂ ಔಷಧಿಯ ಬಲದಲ್ಲಿ ವರ್ಷಗಟ್ಟಲೆ ಓಡಾಡಿಕೊಂಡಿರುವವರು ಬಹಳ ಮಂದಿ. ಅಷ್ಟೂ ದಿನ ಅವರು ಉಣ್ಣಬೇಕು, ಮಾತಾಡಬೇಕು, ರಾತ್ರಿ ಹಲ್ಲುನೋವಿಲ್ಲದೆ ಮಲಗಬೇಕು. ಮುದ್ದೆ ನುಂಗುವ ನಮಗೆ ಹಲ್ಲು ಯಾಕೆ ಎನ್ನುವವರಿದ್ದಾರೆ. ಮುದ್ದೆಯೇನೋ ಇಳಿಯುತ್ತದೆ. ಚಿಕಿತ್ಸೆಯ ದಿನಗಳಲ್ಲಿ ಕಾಳು, ಮಾಂಸ ಚೆನ್ನಾಗಿ ತಿನ್ನಿ ಎಂದು ವೈದ್ಯರು ಒತ್ತಿ ಹೇಳುತ್ತಾರಲ್ಲ, ಅದನ್ನು ಅಗಿಯಲೇಬೇಕು.

ಆದರೆ ಈ ಸ್ಥಿತಿಯಲ್ಲಿ ಹಲ್ಲಿನ ಕೆಲಸಕ್ಕೆ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಒಂದು ಹುಳುಕು ಹಲ್ಲು ಕೀಳಿಸಿದ ಜಾಗ ತಿಂಗಳಾದರೂ ಮುಚ್ಚದೆ ದವಡೆಯ ಮೂಳೆ ಹೊರಗೆ ಕಾಣುವಂತಾಗುತ್ತದೆ. ಹಾಗಾದವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಫೈಲಿನಲ್ಲಿ 'ಮೂಳೆ ಇಂಜೆಕ್ಷನ್' ಹುಡುಕಿ

ಎಲ್ಲರೂ ಎಡವುವುದು ಇಲ್ಲೇ. ಹಲ್ಲಿನ ವೈದ್ಯರು "ಏನಾದರೂ ಔಷಧಿ ತಗೋತಿದ್ದೀರಾ?" ಎಂದು ಕೇಳಿದರೆ ಜನ ಬಿಪಿ, ಶುಗರ್ ಮಾತ್ರೆಯ ಹೆಸರು ಹೇಳುತ್ತಾರೆ. ಕೀಮೋ ಆಗಿದ್ದರೆ ಅದನ್ನೂ ಹೇಳುತ್ತಾರೆ. ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಹಾಕಿಸಿಕೊಳ್ಳುವ, ಇಲ್ಲವೇ ಚರ್ಮದಡಿ ಚುಚ್ಚಿಸಿಕೊಳ್ಳುವ ಮೂಳೆಯ ಔಷಧಿಯ ಮಾತೇ ಬರುವುದಿಲ್ಲ. ಅದು 'ಶಕ್ತಿಗೆ ಕೊಡುವ ಇಂಜೆಕ್ಷನ್' ಎಂದೇ ಮನೆಯವರು ತಿಳಿದಿರುತ್ತಾರೆ.

ಡಿಸ್ಚಾರ್ಜ್ ಸಮ್ಮರಿ, ಡೇ ಕೇರ್ ಚೀಟಿ, ಔಷಧಿ ಬಿಲ್ಲು ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಎರಡು ಹೆಸರು ಹುಡುಕಿ: ಜೊಲೆಡ್ರಾನಿಕ್ ಆಸಿಡ್ ಮತ್ತು ಡೆನೊಸುಮ್ಯಾಬ್. ಬಿಲ್ಲಿನಲ್ಲಿ ಕಂಪನಿಯ ಬ್ರ್ಯಾಂಡ್ ಹೆಸರು ದಪ್ಪಗಿರುತ್ತದೆ, ಒಳಗಿನ ಔಷಧಿಯ ಹೆಸರು ಅದರ ಕೆಳಗೆ ಸಣ್ಣಕ್ಷರದಲ್ಲಿ. ಓದಲು ಆಗದಿದ್ದರೆ ಔಷಧಿ ಅಂಗಡಿಯವರನ್ನು ಕೇಳಿ. ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ಜೊಲೆಡ್ರಾನಿಕ್ ಆಸಿಡ್ ಅನ್ನು 4 ಮಿಲಿಗ್ರಾಂನಂತೆ ಮೂರು-ನಾಲ್ಕು ವಾರಕ್ಕೊಮ್ಮೆ, ಕೆಲವರಿಗೆ ಹನ್ನೆರಡು ವಾರಕ್ಕೊಮ್ಮೆ ಕೊಡುತ್ತಾರೆ. ಡೆನೊಸುಮ್ಯಾಬ್ ಆದರೆ 120 ಮಿಲಿಗ್ರಾಂ, ನಾಲ್ಕು ವಾರಕ್ಕೊಮ್ಮೆ. ಮೂಳೆ ಸವೆತಕ್ಕೆಂದು ಪಕ್ಕದ ಮನೆಯ ಅಜ್ಜಿ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದೂ ಇದೇ ಜೊಲೆಡ್ರಾನಿಕ್ ಆಸಿಡ್. ಆದರೆ ವರ್ಷಕ್ಕೊಂದೇ ಡೋಸ್ ಆದ್ದರಿಂದ ಅವರಿಗೆ ಅಪಾಯ ಬಹಳ ಕಡಿಮೆ. "ಅವರಿಗೇನೂ ಆಗಲಿಲ್ಲವಲ್ಲ" ಎಂಬ ಧೈರ್ಯದ ಮೇಲೆ ಹಲ್ಲು ಕೀಳಿಸಬೇಡಿ.

ಈ ಔಷಧಿಗಳು ಮಾಡುವುದಿಷ್ಟು. ನಮ್ಮ ಮೂಳೆಯಲ್ಲಿ ಹಳೆಯ ಭಾಗವನ್ನು ಕರಗಿಸುವ ಜೀವಕೋಶಗಳಿವೆ. ಕ್ಯಾನ್ಸರ್ ಅವುಗಳನ್ನು ಕೆರಳಿಸಿ ಮೂಳೆ ಮುರಿಯುವಂತೆ ಮಾಡುತ್ತದೆ, ಇಂಜೆಕ್ಷನ್ ಅವುಗಳ ಕೈ ಕಟ್ಟುತ್ತದೆ. ಬೆನ್ನುಮೂಳೆಗೆ, ತೊಡೆಮೂಳೆಗೆ ಅದು ದೊಡ್ಡ ರಕ್ಷಣೆ. ಆದರೆ ಹಲ್ಲು ಕಿತ್ತ ಕುಳಿ ಮಾಯಬೇಕಾದರೂ ಅದೇ ಜೀವಕೋಶಗಳು ಬೇಕು. ಹಳೆ ಗಾರೆ ಕೆರೆಯದೆ ಹೊಸ ಗಾರೆ ಹಿಡಿಯದ ಹಾಗೆ, ಅವು ಕೆಲಸ ನಿಲ್ಲಿಸಿದರೆ ಅಲ್ಲಿ ಹೊಸ ಮೂಳೆ ತುಂಬುವುದಿಲ್ಲ. ಬಾಯಿಯ ಸೋಂಕು ಅಲ್ಲಿಗೇ ಇಳಿಯುತ್ತದೆ. ಅಮೆರಿಕದ ಬಾಯಿ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಇಂಥ 36 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಈ ತೊಂದರೆ ಜಗತ್ತಿನ ಗಮನಕ್ಕೆ ಬಂತು. ಔಷಧಿ ತೆಗೆದುಕೊಳ್ಳುವ ನೂರು ಜನರಲ್ಲಿ ಕೆಲವರಿಗಷ್ಟೇ ಇದು ಬರುತ್ತದೆ. ಬಂದವರಲ್ಲಿ ಬಹುಪಾಲು ಜನರ ಕಥೆ ಹಲ್ಲು ಕೀಳಿಸಿದ ಜಾಗದಿಂದಲೇ ಶುರುವಾಗಿರುತ್ತದೆ.

ಇದನ್ನು ಓದಿ ಯಾರೂ ಮೂಳೆ ಇಂಜೆಕ್ಷನ್ ಬೇಡ ಎನ್ನಬಾರದು. ಅದು ತಡೆಯುವ ಮೂಳೆ ಮುರಿತ ಇದಕ್ಕಿಂತ ಎಷ್ಟೋ ಭೀಕರ. ನಾನು ಕೇಳುವುದು ಒಂದೇ: ಮೊದಲ ಇಂಜೆಕ್ಷನ್‌ಗೆ ಮುಂಚೆ ಹಲ್ಲಿನ ವೈದ್ಯರ ಬಳಿ ಹೋಗಿ. ಉಳಿಯದ ಹಲ್ಲುಗಳನ್ನು ಆಗಲೇ ತೆಗೆಸಿ, ವಸಡು ಮುಚ್ಚಿಕೊಳ್ಳಲು ಎರಡು-ಮೂರು ವಾರ ಬಿಟ್ಟು, ಆಮೇಲೆ ಇಂಜೆಕ್ಷನ್ ಶುರು ಮಾಡಬಹುದೇ ಎಂದು ಕ್ಯಾನ್ಸರ್ ವೈದ್ಯರನ್ನು ಕೇಳಿ. ಕಾಯುವಷ್ಟು ಸಮಯವಿದ್ದರೆ ಅವರು ಒಪ್ಪುತ್ತಾರೆ.

ಇಂಜೆಕ್ಷನ್ ಈಗಾಗಲೇ ಶುರುವಾಗಿದ್ದರೆ ನೀವಾಗಿಯೇ ಬಿಡಬೇಡಿ. ಜೊಲೆಡ್ರಾನಿಕ್ ಆಸಿಡ್ ಮೂಳೆಯೊಳಗೆ ವರ್ಷಗಟ್ಟಲೆ ಕೂತಿರುತ್ತದೆ, ಒಂದೆರಡು ತಿಂಗಳು ತಪ್ಪಿಸಿದ ಮಾತ್ರಕ್ಕೆ ದವಡೆ ಮೊದಲಿನಂತಾಗದು. ಡೆನೊಸುಮ್ಯಾಬ್ ಸುಮಾರು ಆರು ತಿಂಗಳಲ್ಲಿ ಇಳಿಯುವುದು ನಿಜ, ಆದರೆ ಅದನ್ನು ದಿಢೀರನೆ ನಿಲ್ಲಿಸಿದರೆ ಮೂಳೆ ಕರಗುವುದು ಮತ್ತೆ ಜೋರಾಗಿ ಬೆನ್ನುಮೂಳೆ ಕುಸಿಯಬಹುದು.

ಎರಡನೇ ಹೆಜ್ಜೆ: ಇಬ್ಬರು ವೈದ್ಯರ ನಡುವೆ ಒಂದು ಕಾಗದ

ನಮ್ಮ ಕಡೆಯವರಿಗೆ ಕ್ಯಾನ್ಸರ್ ವೈದ್ಯರು ಬೆಂಗಳೂರಿನ ಕಿದ್ವಾಯಿಯಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುತ್ತಾರೆ, ಹಲ್ಲಿನವರು ಹಾಸನ, ಸಕಲೇಶಪುರ, ಅರಕಲಗೂಡಿನಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದಿಲ್ಲ. ಮುಂದಿನ ಭೇಟಿಗೆ ರೈಲು ಹತ್ತುವ ಮೊದಲು ಹಲ್ಲಿನ ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಹಲ್ಲಿಗೆ ಏನು ಮಾಡಬೇಕೆಂದಿದ್ದಾರೆ, ರಕ್ತ ಬರುವ ಕೆಲಸವೋ ಅಲ್ಲವೋ. ಅದರ ಕೆಳಗೇ ಕ್ಯಾನ್ಸರ್ ವೈದ್ಯರಿಂದ ಉತ್ತರ ಬರೆಸಿ ತನ್ನಿ.

ಅವರನ್ನು "ಇನ್ನೆಷ್ಟು ದಿನ?" ಎಂದು ಕೇಳುವ ಬದಲು ಹೀಗೆ ಕೇಳಿ: "ಮುಂದಿನ ಆರು ತಿಂಗಳಲ್ಲಿ ಯಾವ ಚಿಕಿತ್ಸೆ ಬರಲಿದೆ? ಅಷ್ಟು ದಿನ ಇವರು ಬಾಯಲ್ಲೇ ಊಟ ಮಾಡುವ ಸ್ಥಿತಿಯಲ್ಲಿರುತ್ತಾರಾ?" ಈ ಪ್ರಶ್ನೆಗೆ ವೈದ್ಯರು ನೇರವಾಗಿ ಉತ್ತರಿಸಬಲ್ಲರು. ಹಲ್ಲಿಗೆ ಎಷ್ಟು ಹಣ ಹಾಕಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಮೂರನೇ ಹೆಜ್ಜೆ: ದಿನ ನೋಡಿ ಹೋಗಿ

ಮೂರು ವಾರಕ್ಕೊಮ್ಮೆ ಕೀಮೋ ಆಗುತ್ತಿದ್ದರೆ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಹಲ್ಲಿನ ಕೆಲಸಕ್ಕೆ ಒಳ್ಳೆಯದು ಮುಂದಿನ ಕೀಮೋಗೆ ಸ್ವಲ್ಪ ಮುಂಚಿನ ದಿನಗಳು. ಒಂದು ದಿನ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್ 1,000ಕ್ಕಿಂತ ಕೆಳಗಿದ್ದರೆ ತುರ್ತಲ್ಲದ ಕೆಲಸ ಮುಂದಕ್ಕೆ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಿದ್ದರೆ ಕ್ಯಾನ್ಸರ್ ವೈದ್ಯರ ಒಪ್ಪಿಗೆಯಿಲ್ಲದೆ ರಕ್ತ ಬರುವ ಕೆಲಸಕ್ಕೆ ಕೈ ಹಾಕಿಸಬಾರದು.

ಹಲ್ಲುನೋವಿಗೆ ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸ ಇಲ್ಲಿ ಪ್ರಾಣಕ್ಕೇ ಬರಬಹುದು. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಅವು ರಕ್ತಸ್ರಾವ ಹೆಚ್ಚಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಪ್ಯಾರಾಸಿಟಮಾಲ್ ವಾಸಿ, ಆದರೆ ನುಂಗುವ ಮೊದಲು ಜ್ವರ ನೋಡಿಕೊಳ್ಳಿ. ಕೀಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ಜ್ವರ ಬಂದರೆ ಹಲ್ಲನ್ನು ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೇ ಹೆಜ್ಜೆ: ಹಲ್ಲು ಕೀಳಿಸುವ ಬದಲು ಬೇರು ಉಳಿಸಿ

ಮೂಳೆ ಇಂಜೆಕ್ಷನ್ ನಡೆಯುತ್ತಿರುವವರಿಗೆ ನನ್ನ ಸಲಹೆ ಒಂದೇ ಸಾಲಿನದು: ಕೀಳಿಸಬೇಡಿ, ರೂಟ್ ಕೆನಾಲ್ ಮಾಡಿಸಿ. ಹಲ್ಲು ಎಷ್ಟು ಹಾಳಾಗಿದ್ದರೂ ಸರಿ. ಮೇಲ್ಭಾಗ ಪೂರ್ತಿ ಹೋಗಿದ್ದರೆ ಬೇರಿನ ಒಳಗನ್ನು ಶುಚಿ ಮಾಡಿ, ತುಂಬಿ, ಮೇಲಿನದನ್ನು ವಸಡಿನ ಮಟ್ಟಕ್ಕೆ ಕತ್ತರಿಸಿ ಮುಚ್ಚಿಬಿಡಬಹುದು. ಬೇರು ಅಲ್ಲೇ ಉಳಿಯುತ್ತದೆ, ಮೂಳೆಗೆ ಗಾಯವಾಗುವುದಿಲ್ಲ. "ಸಾರ್ಥಕ ಇಲ್ಲದ ಹಲ್ಲಿಗೆ ಇಷ್ಟು ದುಡ್ಡಾ, ಕಿತ್ತು ಬಿಸಾಕಿ" ಎಂದು ಜೊತೆಗೆ ಬಂದವರು ಹೇಳುತ್ತಾರೆ. ಅವರ ಮಾತು ಕೇಳಬೇಡಿ. ಕೀಳಿಸುವುದು ಅಗ್ಗ, ಮಾಯದ ದವಡೆಯನ್ನು ನೋಡಿಕೊಳ್ಳುವುದು ಅಗ್ಗವಲ್ಲ.

ಕೀವು ತುಂಬಿ, ಅಲ್ಲಾಡಿ, ಉಳಿಸಲು ಸಾಧ್ಯವೇ ಇಲ್ಲದ ಹಲ್ಲು ಬೇರೆ ಮಾತು. ಆ ಸೋಂಕನ್ನು ಬಿಡುವುದೂ ದವಡೆಗೆ ಅಪಾಯವೇ. ಅಂಥದನ್ನು ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರು ಆಂಟಿಬಯಾಟಿಕ್ ಕೊಟ್ಟು, ಮೂಳೆಯ ಚೂಪು ಅಂಚು ನಯ ಮಾಡಿ, ವಸಡು ಎಳೆದು ಹೊಲಿಗೆ ಹಾಕಿ ತೆಗೆಯಬೇಕು. ಶಿಬಿರದಲ್ಲಿ, ಸಾಲಿನಲ್ಲಿ ನಿಂತು ಕೀಳಿಸುವ ಹಲ್ಲಲ್ಲ ಅದು.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ 'ಕರೆಂಟ್' ಕೊಡಿಸುವವರಿಗೆ ಇನ್ನೂ ಎಚ್ಚರ ಬೇಕು. ರೇಡಿಯೇಷನ್ ಬಿದ್ದ ದವಡೆಯಲ್ಲಿ ರಕ್ತ ಸಂಚಾರ ಕುಗ್ಗುತ್ತದೆ, ಆ ಅಪಾಯ ಬದುಕಿರುವಷ್ಟು ಕಾಲವೂ ಇರುತ್ತದೆ. ತೆಗೆಯಬೇಕಾದ ಹಲ್ಲನ್ನು ರೇಡಿಯೇಷನ್ ಶುರುವಾಗುವ ಕನಿಷ್ಠ ಎರಡು ವಾರ ಮುಂಚೆ ತೆಗೆಸಬೇಕು. ಜೊಲ್ಲು ಒಣಗಿ ಹಲ್ಲುಗಳು ಬುಡದಿಂದ ಕಪ್ಪಾಗುವುದರಿಂದ ದಿನವೂ ಫ್ಲೋರೈಡ್ ಜೆಲ್ ಹಚ್ಚಬೇಕು. ನಮ್ಮಲ್ಲಿ ಸಿಗುವ ಸಾಮಾನ್ಯ ಪೇಸ್ಟ್‌ನಲ್ಲಿ ಫ್ಲೋರೈಡ್ ಸುಮಾರು 1,000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು). ವೈದ್ಯರು ಬರೆದುಕೊಡುವ 1.1% ಸೋಡಿಯಂ ಫ್ಲೋರೈಡ್ ಜೆಲ್‌ನಲ್ಲಿ ಸುಮಾರು 5,000.

ಐದನೇ ಹೆಜ್ಜೆ: ಹಣ ಯಾವುದಕ್ಕೆ?

ಇವತ್ತು ಮಾಡಿಸಿದರೆ ಇದೇ ತಿಂಗಳು ಉಪಯೋಗಕ್ಕೆ ಬರುವುದಕ್ಕೆ ಮೊದಲು ಹಾಕಿ. ಕ್ಲೀನಿಂಗ್, ಹುಳುಕಿಗೆ ಸಿಮೆಂಟ್, ನೋಯುವ ಹಲ್ಲಿಗೆ ರೂಟ್ ಕೆನಾಲ್, ನಾಲಿಗೆಗೆ ಚುಚ್ಚುವ ಚೂಪು ಹಲ್ಲು ನಯ ಮಾಡಿಸುವುದು. ಜಾಗ ತುಂಬಲು ತೆಗೆದು ಹಾಕುವ ಅಕ್ರಿಲಿಕ್ ಸೆಟ್ ಸಾಕು. ತೂಕ ಇಳಿದಂತೆ ಸೆಟ್ ಸಡಿಲವಾಗಿ ವಸಡು ಉಜ್ಜುತ್ತದೆ, ಹೊಸದೇ ಬೇಡ, ಒಳಪದರ ಹಾಕಿಸಿದರೆ ಮತ್ತೆ ಕೂರುತ್ತದೆ. ಉಜ್ಜುವ ಸೆಟ್ಟನ್ನು ಸಹಿಸಿಕೊಂಡು ಹಾಕಬೇಡಿ, ಆ ಹುಣ್ಣಿನಿಂದಲೂ ಮೂಳೆ ತೆರೆದುಕೊಳ್ಳಬಹುದು.

ಇಂಪ್ಲಾಂಟ್ ಬೇಡ. ಮೂಳೆಗೆ ಸ್ಕ್ರೂ ಕೂತು ಬೆಸೆಯಲು ಮೂರರಿಂದ ಆರು ತಿಂಗಳು ಬೇಕು. ಕ್ಯಾನ್ಸರ್‌ಗೆಂದು ಮೂಳೆ ಇಂಜೆಕ್ಷನ್ ಪಡೆಯುವವರಿಗೆ ಅದನ್ನು ಹಾಕಲೇಬಾರದು. ಕಂತಿನ ಮೇಲೆ ಕೊಡುತ್ತೇವೆ, ಜೀವಮಾನದ ವಾರಂಟಿ ಎಂದು ಯಾರಾದರೂ ಹೇಳಿದರೆ ನಿಮ್ಮ ಫೈಲು ಅವರು ಓದಿಲ್ಲ ಎಂದೇ ಅರ್ಥ. ಆದರೆ ಮುಂದಿನ ಹಲ್ಲು ಮುರಿದು, ಮಗಳ ಮದುವೆಯಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿಯಬೇಕಾದೀತೆಂದು ಕೊರಗುವ ತಾಯಿಗೆ ಅದನ್ನು ಕಟ್ಟಿಸಿಕೊಡಿ. ಅದನ್ನು ಆಡಂಬರ ಎನ್ನಲು ನನ್ನಿಂದಾಗದು. ಅಕ್ಕಪಕ್ಕದ ಹಲ್ಲಿಗೆ ಅಂಟಿಸಿಯೇ ಅಂದವಾಗಿ ಮಾಡಬಹುದು.

ಖರ್ಚಿನ ಚಿಂತೆಯಿರುವವರು ದಂತ ಕಾಲೇಜಿಗೆ ಹೋಗಿ. ಹಾಸನದ ವಿದ್ಯಾನಗರದಲ್ಲಿ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿದೆ. ಕಾಲೇಜುಗಳಲ್ಲಿ ರೂಟ್ ಕೆನಾಲ್, ಶಸ್ತ್ರಚಿಕಿತ್ಸೆ, ಹಲ್ಲಿನ ಸೆಟ್ ಎಲ್ಲ ವಿಭಾಗಗಳೂ ಒಂದೇ ಕಡೆ, ಶುಲ್ಕ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ, ಸಮಯ ಮಾತ್ರ ಹಿಡಿಯುತ್ತದೆ. ಸುಸ್ತಿರುವವರನ್ನು ಬೆಳಿಗ್ಗೆಯೇ ಕರೆದೊಯ್ಯಿರಿ.

ಮನೆಯಲ್ಲಿ ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆರಡು ಸಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡ, ಅದರರ್ಧ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಬಾರಿ ಮುಕ್ಕಳಿಸಿ. ಬಾಯಿ ಉರಿಸುವ ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಕೆಂಪು ಹಲ್ಲುಪುಡಿ, ಇದ್ದಿಲು, ನಶ್ಯ ಯಾವುದೂ ಬೇಡ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟು ವಸಡು ಸುಟ್ಟುಕೊಂಡು ಬರುವವರು ಇವತ್ತಿಗೂ ಇದ್ದಾರೆ. ಎಲೆ ಅಡಿಕೆ ಬಿಡಲಾರೆ ಎನ್ನುವವರು ಹೊಗೆಸೊಪ್ಪನ್ನಾದರೂ ಬಿಡಿ ಎಂದು ಹೇಳಬೇಕೆನಿಸುತ್ತದೆ, ಆದರೆ ಬಾಯಿಗೆ ಅಡಿಕೆಯೂ ಕೆಟ್ಟದ್ದೇ. ಎರಡನ್ನೂ ಬಿಡಿ.

ಎರಡು ಲಕ್ಷಣಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಒಂದು, ನಾಲಿಗೆಗೆ ಒರಟಾಗಿ ತಗಲುವ, ಬಿಳಿಯ ಅಥವಾ ಹಳದಿ ಮೂಳೆ. ನೋವಿಲ್ಲದಿದ್ದರೂ ಅದೇ ವಾರ ಬಾಯಿ ಶಸ್ತ್ರಚಿಕಿತ್ಸಕರಿಗೆ ತೋರಿಸಿ, ಯಾರಿಗೂ ಕೆರೆಯಲು ಬಿಡಬೇಡಿ. ಆರಂಭದಲ್ಲೇ ಬಂದರೆ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಕೆ, ಆಂಟಿಬಯಾಟಿಕ್‌ನಲ್ಲೇ ಹತೋಟಿಗೆ ತರಬಹುದು. ಇನ್ನೊಂದು, ಕೆಳತುಟಿ ಮತ್ತು ಗದ್ದ ಒಂದು ಕಡೆ ಜೋಮು ಹಿಡಿದಂತಾಗುವುದು. ಹಲ್ಲಿನ ತೊಂದರೆಯಿಂದಲೂ ಹೀಗಾಗುತ್ತದೆ, ಕ್ಯಾನ್ಸರ್ ದವಡೆಯ ನರದ ಬಳಿ ತಲುಪಿದ್ದರೂ ಆಗುತ್ತದೆ. ಇದನ್ನು ಹಲ್ಲಿನ ವೈದ್ಯರಿಗೆ ಹೇಳಿದ ದಿನವೇ ಕ್ಯಾನ್ಸರ್ ವೈದ್ಯರಿಗೂ ಫೋನ್ ಮಾಡಿ ಹೇಳಿ.